ಮಗಳ ಪ್ರಾಜೆಕ್ಟ್ ಹಿಡಿದು ಜಾವಾಕ್ಕೆ ಹೋದ ಎಂಟು ದಿನ

ದಾವಣಗೆರೆಯಿಂದ ಇಂಡೋನೇಷ್ಯಾಕ್ಕೆ ಹೋದವರು ಹೆಚ್ಚಾಗಿ ಬಾಲಿ ನೋಡಿ ಬರುತ್ತಾರೆ. ನಾವು ಬಾಲಿಯಲ್ಲಿ ಬರೀ ವಿಮಾನ ಬದಲಿಸಿ ಜಾವಾದ ಯೋಗ್ಯಕರ್ತಾಕ್ಕೆ ಹೋದೆವು. ಕಾರಣ, ಎಂಟನೇ ಕ್ಲಾಸಿನ ಮಗಳು ಪ್ರಾಜೆಕ್ಟಿಗೆ ಹಿಡಿದ ಪ್ರಶ್ನೆ. "ಅಪ್ಪಾ, ನಮ್ಮ ತೊಗಲುಗೊಂಬೆ ಪರದೆ ಮೇಲೆ ಬಣ್ಣಬಣ್ಣವಾಗಿ ಕಾಣುತ್ತೆ. ಜಾವಾದವರದು ಯಾಕೆ ಕಪ್ಪು?"

ಮಕ್ಕಳ ಜೊತೆ ಹೋಗುವವರು ಹತ್ತು ಜಾಗದ ಪಟ್ಟಿ ಮಾಡಬೇಡಿ. ಇಂಥದ್ದೊಂದು ಪ್ರಶ್ನೆ ಸಾಕು. ಆದರೆ ಹೊರಡುವ ಮುಂಚೆ ನಮ್ಮೂರ ಕಡೆಯ ಆಟ ನೋಡಿಕೊಂಡು ಹೋಗಿ. ಇಲ್ಲದಿದ್ದರೆ ಅಲ್ಲಿ ಯಾವುದಕ್ಕೆ ಹೋಲಿಸುತ್ತೀರಿ?

ಅರಮನೆ ಹತ್ತಿರದ ಸೋನೊಬುಡೊಯೊ ಮ್ಯೂಸಿಯಂನಲ್ಲಿ ಸಂಜೆ ವಯಾಂಗ್ ಕುಲಿತ್, ಅಂದರೆ ಜಾವಾದ ತೊಗಲುಗೊಂಬೆ ಆಟ ಇರುತ್ತದೆ. ನಮ್ಮವರು ತೊಗಲನ್ನು ಬೆಳಕು ದಾಟುವಷ್ಟು ತೆಳ್ಳಗೆ ಹೆರೆಯುತ್ತಾರೆ. ಅವರದು ದಪ್ಪ ಎಮ್ಮೆ ಚರ್ಮ. ಕೊರೆದ ತೂತುಗಳಲ್ಲಿ ಮಾತ್ರ ಬೆಳಕು ಬರುತ್ತದೆ. ಹಾಗಂತ ಬಣ್ಣ ಇಲ್ಲ ಅಂತಲ್ಲ, ಚಿನ್ನದ ಬಣ್ಣವನ್ನೂ ಬಳಿದಿರುತ್ತಾರೆ. ಅದನ್ನು ನೋಡಬೇಕಾದರೆ ಗೊಂಬೆ ಆಡಿಸುವ ದಲಂಗ್ ಕೂತ ಕಡೆಗೆ ಹೋಗಬೇಕು. ಮಗಳು ಅತ್ತ ಇತ್ತ ನಾಲ್ಕು ಸಲ ಓಡಾಡಿ, ನೋಟ್‌ಬುಕ್‌ನ ಎಡಪುಟದಲ್ಲಿ ನೆರಳು, ಬಲಪುಟದಲ್ಲಿ ಬಣ್ಣ ಬರೆದಳು. ಡೊಳ್ಳುಹೊಟ್ಟೆಯ ಸೆಮಾರ್ ಬಂದಾಗ "ಇವನು ನಮ್ಮ ಕಿಳ್ಳೇಕ್ಯಾತ ಅಲ್ವಾ?" ಅಂತ ಜೋರಾಗಿಯೇ ಕೇಳಿದಳು. ಕಿಳ್ಳೇಕ್ಯಾತನ ಹಾಗೆ ಸೆಮಾರ್ ಹಾಸ್ಯಗಾರ ಹೌದು, ಆದರೆ ಆಳಿನ ವೇಷದಲ್ಲಿರುವ ದೇವರು ಎಂದು ಅಲ್ಲಿನವರ ನಂಬಿಕೆ.

ಬಾಟಿಕ್, ಅಂದರೆ ಬಟ್ಟೆ ಮೇಲೆ ಮೇಣದಲ್ಲಿ ಚಿತ್ರ ಬರೆದು ಬಣ್ಣಕ್ಕೆ ಅದ್ದುವ ಕೆಲಸ (ಮೇಣ ಇದ್ದಲ್ಲಿ ಬಣ್ಣ ಹಿಡಿಯಲ್ಲ), ಕಲಿಯುವುದಾದರೆ ಮೊದಲ ದಿನವೇ ಹೋಗಿ. ನಾವು ಎರಡು ದಿನ ಸುಮ್ನೆ ಸುತ್ತಿ ಕಳೆದೆವು, ಕೊನೆಗೆ ಒದ್ದೆ ಬಟ್ಟೆ ಬ್ಯಾಗಿಗೆ ತುರುಕಿಕೊಂಡು ವಿಮಾನ ಹತ್ತಬೇಕಾಯಿತು. ಕೆಲಸ ಕಾಣುವಷ್ಟು ಸುಲಭ ಅಲ್ಲ. ಚಾಂಟಿಂಗ್ ಎಂದರೆ ಮರದ ಹಿಡಿಗೆ ಕೂರಿಸಿದ ಪುಟ್ಟ ತಾಮ್ರದ ಬಟ್ಟಲು, ಅದಕ್ಕೊಂದು ಸಣ್ಣ ಮೂತಿ. ಬಿಸಿ ಮೇಣ ತುಂಬಿ, ಮೂತಿಗೆ ಉಫ್ ಅಂತ ಊದಿ ಗೆರೆ ಎಳೆಯಬೇಕು. ತಣ್ಣಗಾದರೆ ಮೇಣ ಬಟ್ಟೆಯ ಮೇಲೇ ಕೂರುತ್ತದೆ, ಒಳಗೆ ಇಳಿಯಲ್ಲ. ಮಗಳ ಮೊದಲ ಬಟ್ಟೆ ಹೀಗೇ ಹಾಳಾಯಿತು. ಮೇಲಿಂದ ಚೆಂದದ ಬಳ್ಳಿ, ಬಣ್ಣಕ್ಕೆ ಅದ್ದಿದರೆ ನೀಲಿ ರಾಡಿ. ಕಲಿಸುವ ಹೆಂಗಸು ಬೈಯಲಿಲ್ಲ. ಬಟ್ಟೆ ತಿರುಗಿಸಿ ಹಿಂಬದಿ ತೋರಿಸಿದರು, ಅಲ್ಲಿ ಗೆರೆಯೇ ಇರಲಿಲ್ಲ. ಎರಡನೇ ಬಟ್ಟೆಯಲ್ಲಿ ಪ್ರತಿ ಗೆರೆಗೂ ತಿರುವಿ ನೋಡಿದಳು, ಮೇಣ ಇಳಿಯದ ಕಡೆ ಹಿಂದಿನಿಂದಲೂ ಎಳೆದಳು. ಒಂದು ಅಂಗೈಯಗಲದ ಹೂವಿಗೆ ಇಡೀ ಬೆಳಿಗ್ಗೆ ಹಿಡಿಯಿತು.

ಖರ್ಚು, ಊಟದ ಮಾತು. ವೀಸಾ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ: 30 ದಿನಕ್ಕೆ 5 ಲಕ್ಷ ರುಪಿಯಾ, ಅಂದರೆ ಅಲ್ಲಿನ ದುಡ್ಡು. ಸೊನ್ನೆ ನೋಡಿ ಗಾಬರಿ ಬೇಡ, ನಮ್ಮ ದುಡ್ಡಲ್ಲಿ ಮೂರು ಸಾವಿರದ ಒಳಗೆ. ಪಾಸ್‌ಪೋರ್ಟ್ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ಯೋಗ್ಯಕರ್ತಾದ ಹೊಸ ವಿಮಾನ ನಿಲ್ದಾಣ ಊರಿಂದ ದೂರ, ಟ್ಯಾಕ್ಸಿಗಿಂತ ರೈಲು ವಾಸಿ. ಸಸ್ಯಾಹಾರಿಗಳು ಸಂಬಾಲ್ ಚಟ್ನಿ ಮುಟ್ಟುವ ಮುಂಚೆ "ತಾನ್ಪಾ ತೆರಾಸಿ" ಎನ್ನಿ. ತೆರಾಸಿ ಅಂದರೆ ಸೀಗಡಿ ಪೇಸ್ಟ್. ಸೋಯಾದಿಂದ ಮಾಡುವ ತೆಂಪೆ, ತಾಹು ಧೈರ್ಯವಾಗಿ ತಿನ್ನಬಹುದು. ಎಳೆ ಹಲಸಿನ ಗುಡೆಗ್ ನನಗೆ ಸಿಹಿ ಜಾಸ್ತಿ ಅನಿಸಿತು. ಮೂರನೇ ದಿನಕ್ಕೇ ಮಂಡಕ್ಕಿ ಮಿರ್ಚಿ ಕನಸಿಗೆ ಬಂತು.

ಬೊರೊಬುದೂರ್ ಎಂಬ ಹಳೆಯ ಬೌದ್ಧ ಸ್ತೂಪದ ಮೇಲೆ ಹತ್ತುವ ಟಿಕೆಟ್ ಮುಂಚೆಯೇ ಬುಕ್ ಮಾಡಿ. ಅಲ್ಲಿ ನಿಮ್ಮ ಚಪ್ಪಲಿ ಬಿಡಿಸಿ, ಹೆಣೆದ ಬೇರೆ ಚಪ್ಪಲಿ ಕೊಡುತ್ತಾರೆ. ಹೆಸರು ಉಪಾನತ್, ಸಂಸ್ಕೃತದಲ್ಲೂ ಚಪ್ಪಲಿ ಎಂದೇ ಅರ್ಥ. ನಮ್ಮ ಸಂಸ್ಕೃತ ಮೇಷ್ಟ್ರು ಕೇಳಿದ್ದರೆ ಕುಣಿದಾಡುತ್ತಿದ್ದರು.

ಬಾಟಿಕ್ ಬಟ್ಟೆಯನ್ನು ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಅಲ್ಲಿ ಲೆರಾಕ್ ಎಂಬ ಕಾಯಿಯ ನೊರೆಯಲ್ಲಿ ಒಗೆಯುತ್ತಾರೆ. ಮಗಳು ಒಂದು ಹಿಡಿ ಕಾಯಿಯ ಫೋಟೊ ತಂದಿದ್ದಳು. ಹತ್ತಿ ಗಿರಣಿಯಲ್ಲಿ ದುಡಿದ ಅಜ್ಜ ಬಟ್ಟೆಯ ನೂಲು ಉಜ್ಜಿ ನೋಡುತ್ತಾ ಕೂತರು. ಅಜ್ಜಿ ಫೋಟೊ ನೋಡಿ "ಅಯ್ಯೋ, ಇದು ಅಂಟುವಾಳ ಕಣೇ" ಎಂದು ಅಡುಗೆಮನೆಯ ಡಬ್ಬಿ ಹುಡುಕಲು ಎದ್ದರು.