ಮೂರು ತಲೆಮಾರು, ಒಂದೇ ಹಡಗು

ವರ್ಷದ ಕೊನೆಯ ರಜೆಗೆ ನಾವು 11 ಜನ ಕ್ರೂಸ್‌ಗೆ ಹೊರಟಿದ್ದೇವೆ. ಅಪ್ಪನಿಗೆ 79. ತಂಗಿಯ ಮಗುವಿಗೆ ಹೊರಡುವ ಹೊತ್ತಿಗೆ 10 ತಿಂಗಳು.

ಮೊದಲು ನೋಡಿದ್ದು ಮಗುವಿನ ವಯಸ್ಸನ್ನೇ. ಸಾಮಾನ್ಯವಾಗಿ 6 ತಿಂಗಳು ತುಂಬಿರಬೇಕು, ಸಾಗರ ದಾಟುವ ಉದ್ದದ ಪ್ರಯಾಣಕ್ಕೆ 1 ವರ್ಷ. ಹಾಗಾಗಿ 7 ರಾತ್ರಿಯದ್ದೇ ಸಾಕು ಅಂದುಕೊಂಡೆವು.

ಜಾಸ್ತಿ ಹೊತ್ತು ಹೋಗಿದ್ದು ಕ್ಯಾಬಿನ್ ಆರಿಸುವುದಕ್ಕೆ. ಡೆಕ್ ಪ್ಲಾನ್, ಅಂದರೆ ಹಡಗಿನ ಮಹಡಿಗಳ ನಕ್ಷೆ, ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿದೆ. ಅಪ್ಪ ಕನ್ನಡಕ ಏರಿಸಿಕೊಂಡು, ಲಿಫ್ಟ್‌ನಿಂದ ತಮ್ಮ ಕ್ಯಾಬಿನ್‌ವರೆಗೆ ಬೆರಳಿಟ್ಟು ಒಂದೊಂದೇ ಬಾಗಿಲು ಎಣಿಸಿದರು. "ಆರು ಬಾಗಿಲು. ಇಷ್ಟು ನಡೀತೀನಿ ಬಿಡು" ಅಂದರು. ಹಡಗಿನ ನಡುಭಾಗ, ಕೆಳಗಿನ ಡೆಕ್. ಅಲ್ಲಿ ಓಲಾಟ ಕಡಿಮೆ. ವೀಲ್‌ಚೇರ್ ಹಿಡಿಸುವ ಕ್ಯಾಬಿನ್, ನಡುವೆ ಬಾಗಿಲಿರುವ ಜೋಡಿ ಕ್ಯಾಬಿನ್ ಕೆಲವೇ ಇರುತ್ತವೆ. ರಜೆಯಲ್ಲಿ ಬೇಗ ಮುಗಿದುಹೋಗುತ್ತವೆ. ನಾವು ತಿಂಗಳುಗಳ ಮೊದಲೇ ಬುಕ್ ಮಾಡಿದೆವು.

ಇನ್ನೊಂದು ವಿಷಯ. ಕೆಲವು ಕಡೆ ಹಡಗು ದಡಕ್ಕೆ ಬರುವುದೇ ಇಲ್ಲ. ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಅಲೆಗೆ ಕುಣಿಯುವ ದೋಣಿಗೆ ಅಪ್ಪನನ್ನು ಇಳಿಸಲು ನನಗೆ ಧೈರ್ಯವಿಲ್ಲ. ಆ ದಿನ ನಾನೂ ಅವರ ಜೊತೆ ಹಡಗಲ್ಲೇ ಇರುತ್ತೇನೆ. ಎಲ್ಲರೂ ಇಳಿದ ಮೇಲೆ ಡೆಕ್ ಖಾಲಿ. ಸುಮ್ನೆ ಕೂತು ಮಾತಾಡಬಹುದು, ಅಲ್ವಾ?

ಹಗಲು ಯಾರಿಗೆ ಎಲ್ಲಿ ಬೇಕೋ ಅಲ್ಲಿ. ರಾತ್ರಿ ಊಟಕ್ಕೆ ಮಾತ್ರ ಒಂದೇ ಮೇಜು. ಹಡಗು ಯಾರಿಗೂ ಕಾಯುವುದಿಲ್ಲ, ಹಾಗಾಗಿ ಒಂದು ದಿನ ಮೊದಲೇ ಬಂದರು ತಲುಪುತ್ತೇವೆ. ಸೂಟ್‌ಕೇಸ್‌ಗಳು ಕ್ಯಾಬಿನ್‌ಗೆ ಬರುವುದು ತಡವಾಗುತ್ತದೆ. ಅಪ್ಪನ ಮಾತ್ರೆ, ಮಗುವಿನ ಡೈಪರ್ ನನ್ನ ಕೈಚೀಲದಲ್ಲೇ.