ಸಾಯುತ್ತಿರೋರ ಮುಂದೆ ಏನು ಮಾತಾಡೋದು?

ಕಾಕಾ ತೀರಿಕೊಂಡ ಮೇಲೆ ಮಂದಿ ನನ್ನನ್ನು ಈ ವಿಷಯದಲ್ಲಿ ಪಂಡಿತ ಅಂತ ತಿಳಿದಂತಿದೆ. ಯಾರ ಮನೆಯಲ್ಲಾದರೂ ಡಾಕ್ಟರು ‘ಇನ್ನು ಮನೀಗೆ ಕರ್ಕೊಂಡು ಹೋಗ್ರಿ’ ಅಂದರೆ ನನಗೆ ಫೋನು ಬರುತ್ತದೆ. ‘ನೋಡಾಕ ಹೋಗಬೇಕು, ಹೋಗಿ ಏನಂತ ಮಾತಾಡೋದು?’

ಧೈರ್ಯ ಹೇಳೋಕೆ ಹೋಗಬೇಡಿ. ಇಷ್ಟೇ ನನ್ನ ಉತ್ತರ.

ಕಾಕಾ ಹಟ್ಟಿ ಚಿನ್ನದ ಗಣಿಯಲ್ಲಿ 30 ವರ್ಷ ಕೆಳಗಿಳಿದು ದುಡಿದವರು. ಲಿಂಗಸುಗೂರಿನ ಮನೆಯಲ್ಲಿ ಮಲಗಿದ್ದಾಗ ನೆಂಟರೆಲ್ಲ ಬಂದು ‘ಏನೂ ಆಗಲ್ಲ, ಆರಾಮಾಗ್ತೀರಿ’ ಅನ್ನೋರು. ಕಾಕಾ ಗೋಡೆ ಕಡೆ ಹೊರಳೋರು. ಆಮೇಲೆ ಅವರ ಜೊತೆ ಒಂದೇ ಪಾಳಿಯಲ್ಲಿದ್ದ ನಾಲ್ಕು ಮಂದಿ ಮುದುಕರು ಬಂದರು. ಒಬ್ಬರು ಮಂಚದ ಅಂಚಿಗೆ ಕೂತು, ‘ಲೇ, ನನ್ನ ಡಬ್ಬಿ ಒಳಗಿನ ಶೇಂಗಾ ಚಟ್ನಿ ಕದ್ದು ತಿಂತಿದ್ದವ ನೀನೇ ಹೌದಿಲ್ಲೋ? ಈಗರೆ ಒಪ್ಕೋ’ ಅಂದರು. ಎರಡು ದಿನದಿಂದ ಮಾತಾಡದ ಕಾಕಾ ಕಣ್ಣು ಬಿಟ್ಟು, ‘ಇವ’ ಅಂತ ಪಕ್ಕದವರನ್ನು ತೋರಿಸಿದರು.

ನಿಜ ಹೇಳಬೇಕೆಂದರೆ ನಮಗೆ ಮಾತಿಗಿಂತ ಜಾಸ್ತಿ ತೊಂದರೆ ಆಗಿದ್ದು ನೀರಿನಿಂದ. ಕೊನೆಗೆ ಬಾಯಿಗೆ ನೀರು ಬಿಡೋದು ನಮ್ಮಲ್ಲಿ ಸಾಲ ತೀರಿಸಿದ ಹಾಗೆ. ಬಂದವರದ್ದೆಲ್ಲ ಒಂದೊಂದು ಚಮಚ. ನುಂಗುವ ಶಕ್ತಿ ಇಲ್ಲದವರಿಗೆ ಆ ನೀರು ಉಸಿರಿನ ಕೊಳವೆಗೆ ಇಳಿಯುತ್ತದೆ. ಕಾಕಾ ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡಿದರು. ನರ್ಸಮ್ಮ ಬಂದು ಎಲ್ಲರಿಗೂ ಬೈದರು. ಹಸಿವು, ಬಾಯಾರಿಕೆ ಕಮ್ಮಿಯಾಗೋದು ದೇಹ ಮುಗಿಯುತ್ತ ಬಂದದ್ದಕ್ಕೆ, ನೀವೇನೂ ಉಪವಾಸ ಕೆಡವುತ್ತಿಲ್ಲ ಅಂತ ಚಿಗವ್ವನಿಗೆ ಬಿಡಿಸಿ ಹೇಳಿದರು. ಆಮೇಲೆ ಬಂದವರ ಕೈಗೆ ಒದ್ದೆ ಹತ್ತಿ ಕೊಟ್ಟೆವು, ತುಟಿ ನಾಲಿಗೆ ಹಸಿ ಮಾಡಲಿ ಅಂತ. ಜಲದುರ್ಗದ ಹತ್ತಿರ ಹೋಗಿ ಕೃಷ್ಣಾ ನೀರು ತಂದಿದ್ದ ಅತ್ತೆಗೂ ಅದರಿಂದ ಸಮಾಧಾನ ಆಯಿತು.

ಪ್ರಜ್ಞೆ ಇಲ್ಲ ಅಂತ ಮಂಚದ ಪಕ್ಕದಲ್ಲೇ ಹೊಲದ ಪಾಲಿನ ಮಾತು ತೆಗೆಯಬೇಡಿ. ಕಿವಿ ಕೊನೆತನಕ ಕೇಳುತ್ತಿರಬಹುದು. (ನಮ್ಮಲ್ಲೂ ಒಬ್ಬರು ತೆಗೆದರು. ಯಾರು ಅಂತ ಬರೆದರೆ ಮುಂದಿನ ಮದುವೆಗೆ ನನ್ನನ್ನು ಕರೆಯಲ್ಲ.) ಉಸಿರು ನಿಂತು ನಿಂತು ಬರುತ್ತದೆ, ಗಂಟಲು ಗೊರಗೊರ ಅನ್ನುತ್ತದೆ. ಹೆದರಿ ಚೀರಬೇಡಿ. ಮೆಲ್ಲಗೆ ಒಂದು ಮಗ್ಗಲಿಗೆ ಹೊರಳಿಸಿದರೆ ಸದ್ದು ತುಸು ಇಳಿಯುತ್ತದೆ.

ಆ ನಾಲ್ವರು ರಾತ್ರಿ ಮನೆಗೆ ಹೋಗಲಿಲ್ಲ. ಗಣಿಯಲ್ಲಿದ್ದ ಹಾಗೇ ಪಾಳಿ ಹಾಕಿಕೊಂಡರು. ಬೆಳಗಿನ ಜಾವ ಕಾಕಾ ಹೋದಾಗ ಪಾಳಿಯಲ್ಲಿದ್ದವರು ಆ ಡಬ್ಬಿಯವರೇ. ಏನೂ ಮಾತಾಡುತ್ತಿರಲಿಲ್ಲ. ತಣ್ಣಗಾಗಿದ್ದ ಕಾಲು ತಿಕ್ಕುತ್ತ ಸುಮ್ನೆ ಕೂತಿದ್ದರು.