ಡ್ರಾಯಿಂಗ್ ಕಾಪಿ ಮಾಡುವಾಗ ಬದಲಾಗದೆ ಉಳಿಯುವ ಅಂಕಿಗಳು

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಡಿಸೈನ್ ಮಾಡುವುದು ನನ್ನ ಕೆಲಸ. ಈ ಕೆಲಸದಲ್ಲಿ ಪೂರ್ತಿ ಹೊಸ ಪಾರ್ಟ್ ಬರುವುದು ಅಪರೂಪ. ಅದೇ ಟ್ಯೂಬ್, ಅದೇ ಪಿಸ್ಟನ್, ಅದೇ ಗ್ಲ್ಯಾಂಡ್ (ರಾಡ್ ಹೊರಬರುವ ತುದಿಯಲ್ಲಿ ಸೀಲ್ ಹಿಡಿದಿಡುವ ಮುಚ್ಚಳ), ಅಳತೆ ಮಾತ್ರ ಬೇರೆ. ಬೋರ್, ಅಂದರೆ ಟ್ಯೂಬಿನ ಒಳವ್ಯಾಸ, 40, 50, 63, 80, 100, 125, 160 ಮಿಲಿಮೀಟರ್ ಹೀಗೆ ಹೋಗುತ್ತದೆ. ಈ ಅಂಕಿಗಳು ಸುಮ್ನೆ ಬಂದವಲ್ಲ. ಫ್ರೆಂಚ್ ಸೈನ್ಯದ ಎಂಜಿನಿಯರ್ ಶಾರ್ಲ್ ರೆನಾರ್ 19ನೇ ಶತಮಾನದಲ್ಲಿ ಹಾಕಿಕೊಟ್ಟ ಸರಣಿಯಿಂದ ಬಂದವು. ಒಂದೊಂದು ಅಳತೆಯೂ ಹಿಂದಿನದರ ಸುಮಾರು 1.26 ಪಟ್ಟು. ಹಾಗಾಗಿ ಒಂದು ಡ್ರಾಯಿಂಗ್ ಸರಿಯಾಗಿ ಮಾಡಿದರೆ ಉಳಿದ ಸೈಜ್‌ಗಳದ್ದು ಅದರಿಂದಲೇ ಹೊರಡಬೇಕು ಅಂತ ಯಾರಿಗಾದರೂ ಅನಿಸುತ್ತದೆ.

ಹೊರಡಿಸಬಹುದು ಕೂಡ. ನಾವು ಬಳಸುವುದು ಸಾಲಿಡ್‌ವರ್ಕ್ಸ್ ಅನ್ನುವ ಡಿಸೈನ್ ಸಾಫ್ಟ್‌ವೇರ್. ಅದರಲ್ಲಿ ಡ್ರಾಯಿಂಗ್ ಫೈಲ್ ಬೇರೆ, ಪಾರ್ಟಿನ 3ಡಿ ರೂಪ ಇರುವ ಮಾಡೆಲ್ ಫೈಲ್ ಬೇರೆ. ಯಾವ ಮಾಡೆಲ್ ನೋಡಬೇಕು ಅನ್ನುವುದು ಡ್ರಾಯಿಂಗ್ ಒಳಗೆ ಬರೆದಿರುತ್ತದೆ. ಬರೀ ಡ್ರಾಯಿಂಗ್ ಫೈಲನ್ನು ಕಾಪಿ ಮಾಡಿ ಹೆಸರು ಬದಲಿಸಿದರೆ ಅದು ಹಳೆ ಪಾರ್ಟನ್ನೇ ತೋರಿಸುತ್ತದೆ. ಪ್ಯಾಕ್ ಅಂಡ್ ಗೋ ಅನ್ನುವ ಆಯ್ಕೆ ಬಳಸಿ ಎರಡನ್ನೂ ಒಟ್ಟಿಗೆ ಹೊಸ ಹೆಸರಿಗೆ ತೆಗೆದುಕೊಳ್ಳುವುದು ಒಳ್ಳೆಯದು. ಇಲ್ಲವೇ ಡ್ರಾಯಿಂಗ್ ತೆರೆಯುವಾಗ ರೆಫರೆನ್ಸಸ್ ಒತ್ತಿ ಹೊಸ ಪಾರ್ಟ್ ತೋರಿಸಬಹುದು. ಆದರೆ ಆ ಹೊಸ ಪಾರ್ಟ್ ಹಳೆಯದನ್ನೇ ಸೇವ್ ಆ್ಯಸ್ ಮಾಡಿ ತಿದ್ದಿದ್ದಾಗಿರಬೇಕು. ಆಗ ಒಳಗಿನ ಮುಖ, ಅಂಚುಗಳ ಗುರುತು ಹಾಗೇ ಉಳಿದು, ಡೈಮೆನ್ಶನ್‌ಗಳು ಅವಕ್ಕೇ ಅಂಟಿಕೊಳ್ಳುತ್ತವೆ. ಮೊದಲಿಂದ ಬೇರೆಯಾಗಿ ಕಟ್ಟಿದ ಪಾರ್ಟ್ ಕೊಟ್ಟರೆ, ನೋಡಲು ತದ್ರೂಪು ಒಂದೇ ಆಗಿದ್ದರೂ, ಡೈಮೆನ್ಶನ್‌ಗಳು ಹಿಡಿತ ತಪ್ಪಿ ಬೇರೆ ಬಣ್ಣಕ್ಕೆ ತಿರುಗುತ್ತವೆ.

ಬಣ್ಣ ಬದಲಾದ ಡೈಮೆನ್ಶನ್ ನನಗೆ ಹೆದರಿಕೆ ಹುಟ್ಟಿಸುವುದಿಲ್ಲ. ಅದು ಕಣ್ಣಿಗೆ ಬೀಳುತ್ತದೆ, ಸರಿ ಮಾಡುತ್ತೇವೆ. ಕಾಪಿ ಮಾಡಿದ ಮೇಲೂ ಏನೂ ಆಗಿಲ್ಲ ಅನ್ನುವಂತೆ ಕೂತಿರುವ ಅಂಕಿಗಳೇ ಅಪಾಯ.

ನಾನು ಮೊದಲು ಇದ್ದ ಒಂದು ಕಾರ್ಖಾನೆಯಲ್ಲಿ 80ರ ಟ್ಯೂಬ್ ಡ್ರಾಯಿಂಗಿನಿಂದ 125ರದ್ದು ತೆಗೆದಿದ್ದರು. ವ್ಯಾಸ, ಉದ್ದ ಎಲ್ಲ ಸರಿಯಾಗಿ ಬದಲಾಗಿತ್ತು. ಬೋರ್‌ನ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವ ಮಿತಿ) ಮಾತ್ರ ಯಾರೋ ಕೈಯಿಂದ ಟೈಪ್ ಮಾಡಿದ್ದು, +0.046 ಅಂತಲೇ ಉಳಿದಿತ್ತು. ಅದು 80ಕ್ಕೆ ಸರಿ. ಎಚ್8 ಅನ್ನುವ ಸ್ಟ್ಯಾಂಡರ್ಡ್ ಫಿಟ್‌ನಲ್ಲಿ 50ರ ತನಕ +0.039, ಅದರ ಮೇಲೆ 80ರ ತನಕ +0.046, 120ರ ತನಕ +0.054, ಆಮೇಲೆ 180ರ ತನಕ +0.063. ಅಂದರೆ 125ಕ್ಕೆ 63 ಮೈಕ್ರಾನ್ (0.063 ಮಿಲಿಮೀಟರ್) ಜಾಗ ಇತ್ತು. ಹೋನಿಂಗ್ (ಬೋರನ್ನು ಒಳಗಿಂದ ಉಜ್ಜಿ ನುಣುಪಾಗಿಸುವ ಕೆಲಸ) ಮಾಡಿದವರ ತಪ್ಪೇನೂ ಇರಲಿಲ್ಲ. 55 ಮೈಕ್ರಾನ್ ಬಂದ ಒಳ್ಳೆಯ ಟ್ಯೂಬ್‌ಗಳು ಇನ್‌ಸ್ಪೆಕ್ಷನ್‌ನಲ್ಲಿ ರಿಜೆಕ್ಟ್ ಆದವು. ಬೋರ್ ದೊಡ್ಡದಾದ ಮೇಲೆ ಅದನ್ನು ಚಿಕ್ಕದು ಮಾಡುವುದು ಹೇಗೆ? ಪರದೆಯಲ್ಲಿ ಒಂದೂ ಎಚ್ಚರಿಕೆ ಬಂದಿರಲಿಲ್ಲ. ಇನ್‌ಸ್ಪೆಕ್ಟರ್ ಕೂಡ ಡ್ರಾಯಿಂಗ್ ಪ್ರಕಾರವೇ ನಡೆದುಕೊಂಡಿದ್ದರು. ಕಷ್ಟಪಟ್ಟು ಹೋನಿಂಗ್ ಮಾಡಿದವರ ಮುಖ ನೋಡಿ ನನಗೆ ನಿಜವಾಗಿಯೂ ಬೇಜಾರಾಗಿತ್ತು.

ಅಂದಿನಿಂದ ಟಾಲರೆನ್ಸ್ ಅಂಕಿ ಟೈಪ್ ಮಾಡಲು ನಾನು ಯಾರಿಗೂ ಬಿಡುವುದಿಲ್ಲ. ಡೈಮೆನ್ಶನ್‌ಗೆ ಫಿಟ್ ಅನ್ನುವ ಆಯ್ಕೆ ಕೊಟ್ಟು ಎಚ್8 ಹಾಕಿದರೆ, ವ್ಯಾಸ ಬದಲಾದಂತೆ ಸಾಫ್ಟ್‌ವೇರೇ ಅಂಕಿ ಬದಲಿಸುತ್ತದೆ. ಪಾರ್ಟ್ ನಂಬರ್, ಮೆಟೀರಿಯಲ್, ತೂಕ ಮೂರೂ ಮಾಡೆಲ್‌ನ ಪ್ರಾಪರ್ಟಿಯಿಂದ ಡ್ರಾಯಿಂಗಿನ ಮೂಲೆಯ ಟೈಟಲ್ ಬ್ಲಾಕಿಗೆ ಬರಬೇಕು. ಬೋಲ್ಟ್ ತೂತುಗಳ ಲೆಕ್ಕ ಮಾಡೆಲ್ ನೋಡಿ ತಾನೇ ಬರೆಯುವ ಹೋಲ್ ಕಾಲ್ಔಟ್‌ನಿಂದಲೇ ಬರಲಿ. ಚಿಕ್ಕ ಫ್ಲ್ಯಾಂಜ್‌ಗೆ ನಾಲ್ಕು ತೂತು, ದೊಡ್ಡದಕ್ಕೆ ಎಂಟು ಇರುವಾಗ, ಕೈಯಿಂದ ಬರೆದ ನೋಟ್ ನಾಲ್ಕು ಅಂತಲೇ ಹೇಳುತ್ತಿರುತ್ತದೆ, ಅಲ್ವಾ?

ಎಲ್ಲ ಸೈಜನ್ನೂ ಒಂದೇ ಫೈಲಿನಲ್ಲಿ ಕಾನ್ಫಿಗರೇಶನ್ (ಒಂದೇ ಪಾರ್ಟಿನ ಬೇರೆ ಬೇರೆ ಅಳತೆಯ ರೂಪ) ಮಾಡಿ, ಒಂದೇ ಶೀಟಿನಲ್ಲಿ ಅಳತೆಗಳಿಗೆ ಎ, ಬಿ, ಸಿ ಅಂತ ಹೆಸರಿಟ್ಟು ಟೇಬಲ್ ಹಾಕುವುದೂ ಒಂದು ದಾರಿ. ಬುಷ್, ಸ್ಪೇಸರ್, ವಾಷರ್‌ಗೆ ನಾನೂ ಅದನ್ನೇ ಮಾಡುತ್ತೇನೆ. ಗ್ಲ್ಯಾಂಡ್‌ಗೆ ಮಾಡುವುದಿಲ್ಲ. ಸೀಲ್ ಕೂರುವ ಗ್ರೂವ್ ವ್ಯಾಸದ ಜೊತೆ ಒಂದೇ ಸಮನೆ ಬೆಳೆಯುವುದಿಲ್ಲ. ಸೀಲ್ ಕಂಪನಿಯ ಕ್ಯಾಟಲಾಗ್ ಪ್ರಕಾರ ಒಂದು ಸೈಜ್ ದಾಟಿದ ಮೇಲೆ ಒಮ್ಮೆಲೇ ಅಗಲ, ಆಳ ಎರಡೂ ಜಿಗಿಯುತ್ತವೆ. ಟೇಬಲ್ ಆಗ ಹತ್ತು ಹನ್ನೆರಡು ಕಾಲಮ್ ಆಗುತ್ತದೆ. ಲೇತ್ ಮುಂದೆ ನಿಂತವರು ಎಣ್ಣೆ ಕೈಯಲ್ಲಿ ಬೆರಳಿಟ್ಟು ಸಾಲು ಹುಡುಕಬೇಕು. ಒಂದು ಸಾಲು ಕೆಳಗೆ ಜಾರಿದರೆ ಪಾರ್ಟ್ ಸ್ಕ್ರ್ಯಾಪ್. ಜೊತೆಗೆ 63ರಲ್ಲಿ ಸಣ್ಣ ತಿದ್ದುಪಡಿ ಆದರೂ ಇಡೀ ಶೀಟಿನ ರಿವಿಷನ್ ನಂಬರ್ ಏರುತ್ತದೆ. ಆಗ ಏನೂ ಬದಲಾಗದ 100ರ ಪಾರ್ಟಿನ ಹಳೆ ಪ್ರಿಂಟನ್ನೂ ಶಾಪ್‌ನಿಂದ ವಾಪಸ್ ತರಿಸಬೇಕು. ಫೈಲ್ ಜಾಸ್ತಿ ಆದರೂ ಚಿಂತೆಯಿಲ್ಲ, ಗ್ಲ್ಯಾಂಡ್‌ನ ಒಂದೊಂದು ಸೈಜಿಗೂ ಒಂದೊಂದು ಶೀಟ್ ಇಟ್ಟಿದ್ದೇವೆ.